ರಿಜಿಸ್ಟ್ರು ಇಲ್ಲದ ಮೈಸೂರಲ್ಲಿ ಮೂರು ದಿನ

ಶುಕ್ರವಾರ

ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಎರಡು ಜೊತೆ ಬಟ್ಟೆ ಬ್ಯಾಗಿಗೆ ತುರುಕಿ, ಮೆಜೆಸ್ಟಿಕ್ಕಲ್ಲಿ ಮಧ್ಯಾಹ್ನ ಮೂರೂ ಕಾಲಿನ ರೈಲು ಹಿಡ್ದೆ. ನಾವೆಲ್ಲ ಟಿಪ್ಪು ಎಕ್ಸ್‌ಪ್ರೆಸ್ ಅಂತ ಓಡಾಡಿದ ರೈಲು ಇದು, 2022ರಿಂದ ಒಡೆಯರ್ ಎಕ್ಸ್‌ಪ್ರೆಸ್ಸು. ಹೆಸರು ಬದಲಾದ ದಿನ ನನ್ನ ಹಳೇ ಹಾಸ್ಟೆಲ್ ಗೆಳೆಯ, ಮೈಸೂರಿನ ಒಂದು ಸರ್ಕಾರಿ ಆಸ್ಪತ್ರೇಲಿ ಹುಟ್ಟು ಸಾವಿನ ಲೆಕ್ಕ ಬರೆಯೋನು, ಫೋನ್ ಮಾಡಿ "ಲೋ, ರೈಲಿನ ಹೆಸರು ಒಂದೇ ಆರ್ಡರಲ್ಲಿ ತಿದ್ದಾಕ್ಬುಟ್ರು ಕಣೋ, ನಮ್ಮಲ್ಲಿ ಒಂದು ಕೊಂಬು ಸರಿ ಮಾಡ್ಸಕ್ಕೆ ಜನ ಅಫಿಡವಿಟ್ ಹಿಡ್ಕೊಂಡು ನಿಂತವ್ರೆ" ಅಂತ ನಕ್ಕಿದ್ದ. ಈ ಸಲ ಸ್ಟೇಷನ್ನಿಗೆ ಕರ್ಕೊಂಡು ಹೋಗೋಕೆ ಅವನು ಬರಲ್ಲ, ಅದಕ್ಕೇ ಹೋಗ್ತಿರೋದು. 2025ರ ಮಾರ್ಚ್ ತಿಂಗಳಲ್ಲಿ ಹೋಗ್ಬಿಟ್ಟ, ಮನೇಲೇ, ಬೆಳಿಗ್ಗೆ ಐದೂವರೆಗೆ, ಐವತ್ಮೂರು ವರ್ಷ. ಭಾನುವಾರ ಮಹಾಲಯ ಅಮಾವಾಸ್ಯೆ, ಅವರ ಹಳ್ಳೀಲಿ ಹಿರೀಕರ ಹಬ್ಬ, ಅವನಿಗೆ ಮೊದಲ ಎಡೆ. ಬನ್ನಿ ಅಣ್ಣ ಅಂತ ಅತ್ತಿಗೆ, ಅಂದ್ರೆ ಅವನ ಹೆಂಡ್ತಿ, ಫೋನ್ ಮಾಡಿದ್ರು.

ಅವನ ನಿಜ ಹೆಸರು ಇಲ್ಲಿ ಬರೆಯಲ್ಲ, ಯಾವ ಆಸ್ಪತ್ರೆ ಅಂತಾನೂ ಬರೆಯಲ್ಲ, ಬರೆದ್ರೆ ಎಲ್ಲಿದ್ರೂ ಎದ್ದು ಬಂದು "ಪರ್ಮಿಷನ್ ಲೆಟರ್ ಎಲ್ಲಿ" ಅಂತ ಕೇಳೋ ಗಿರಾಕಿ. ನಾವು ಕರೀತಿದ್ದದ್ದು ರಿಜಿಸ್ಟ್ರು ಅಂತ. ಹಾಸ್ಟೆಲಲ್ಲಿ ಮೆಸ್ ಲೆಕ್ಕ ಅವನ ಕೈಗೆ ಬಂದ ತಿಂಗಳಿಂದ ಆ ಹೆಸರು, ಯಾರು ಎಷ್ಟು ಮುದ್ದೆ ತಿಂದ್ರು, ಯಾರ ಗೆಸ್ಟು ಎಷ್ಟು ದಿನ ಇದ್ದ, ಎಲ್ಲ ಒಂದು ಉದ್ದನೆ ಪುಸ್ತಕದಲ್ಲಿ ಗೆರೆ ಹೊಡೆದು ಬರೆದಿಡ್ತಿದ್ದ, ನಾನು ಆ ತಿಂಗಳು ಅರವತ್ತೆಂಟು ಮುದ್ದೆ ತಿಂದಿದ್ದೆ ಅಂತ ಇವತ್ತಿಗೂ ನಂಗೆ ಗೊತ್ತಿರೋದು ಅವನ ದಯದಿಂದ. ಇನ್ನೊಬ್ಬ ರೂಮ್‌ಮೇಟ್ ಮುಂದೆ ಅಗ್ರಹಾರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟ, ಅವನು ಜೆರಾಕ್ಸು. ನಾನು ಕೆಲಸಕ್ಕೆ ಬೆಂಗಳೂರು ಸೇರ್ದೆ, ನಾನು ಬೆಂಗ್ಳೂರು. ಮೂವತ್ತು ವರ್ಷದಿಂದ ಹಿಂಗೇ ಕರ್ಕೊಂಡು ಬಂದಿದೀವಿ.

ರಿಜಿಸ್ಟ್ರು 1996ರಲ್ಲಿ ಎಸ್‌ಡಿಎ, ಅಂದ್ರೆ ದ್ವಿತೀಯ ದರ್ಜೆ ಗುಮಾಸ್ತ, ಆಗಿ ಸೇರ್ದ. ಊರಿನ ಒಂದು ಸರ್ಕಾರಿ ಆಸ್ಪತ್ರೆ, ರೆಕಾರ್ಡ್ ಸೆಕ್ಷನ್ನು. ಆಮೇಲೆ ಎಫ್‌ಡಿಎ, ಅಂದ್ರೆ ಪ್ರಥಮ ದರ್ಜೆ, ಕೊನೆಗೆ ಸೂಪರಿಂಟೆಂಡೆಂಟು. ಮಧ್ಯ ಎರಡು ಸಲ ಬೇರೆ ಕಡೆ ಹಾಕಿದ್ರು, ಎರಡೂ ಸಲ ವಾಪಸ್ ಅಲ್ಲಿಗೇ ಬಂದ. ಆಸ್ಪತ್ರೆ ಅಂದ್ರೆ ಜನ ಡಾಕ್ಟ್ರನ್ನ ನೆನಪಿಟ್ಕೋತಾರೆ, ನರ್ಸನ್ನ ನೆನಪಿಟ್ಕೋತಾರೆ, ಕಿಟಕಿ ಹಿಂದೆ ಕೂತು ಚೀಟಿ ಬರೆಯೋನನ್ನ ಯಾರು ನೆನಪಿಟ್ಕೋತಾರೆ ಹೇಳಿ, ಬೈಯೋಕೆ ಬಿಟ್ರೆ.

ಮದ್ದೂರು ವಡೆಯವನು ಬಂದ, ಎರಡು ತಗೊಂಡೆ, ಒಂದು ತಿಂದೆ. ಮಂಡ್ಯ ಬಂದಾಗ ಸುಮ್ನೆ ಕಿಟಕಿ ಕಡೆ ಮುಖ ಮಾಡ್ದೆ. 1933ರಲ್ಲಿ ಶುರುವಾದ ಸಕ್ಕರೆ ಫ್ಯಾಕ್ಟ್ರಿ ಊರು ಇದು, ಕಬ್ಬು ಅರೆಯೋ ಕಾಲದಲ್ಲಿ ಕಾಕಂಬಿ ವಾಸನೆ ರೈಲೊಳಗೇ ಬರ್ತಿತ್ತು, ನಮ್ಮ ರಿಜಿಸ್ಟ್ರು ಮೂಗು ಅಗಲ ಮಾಡ್ಕೊಂಡು "ದುಡ್ಡಿನ ವಾಸ್ನೆ ಕಣ್ಲಾ ಇದು, ನಮ್ಮಪ್ಪನ ಬಾಕಿ ದುಡ್ಡು" ಅನ್ನೋನು. ಆಚೆ ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಸೇತುವೆ ಮೇಲೆ ರೈಲು ಸದ್ದು ಬದಲಾಯ್ತು. ಹೊಳೆ ತುಂಬಿತ್ತು, ಕಂದು ಬಣ್ಣದ ನೀರು. ಯಾರಿಗಾದ್ರೂ ಫೋನ್ ಮಾಡಿ ಹೇಳ್ಬೇಕು ಅನ್ನಿಸ್ತು, ಯಾರಿಗೆ ಅಂತ ಗೊತ್ತೇ ಇದೆಯಲ್ಲ.

ಜೆರಾಕ್ಸು ಸ್ಕೂಟರ್ ತಂದಿದ್ದ. ದಸರಾ ಇನ್ನು ಮೂರು ದಿನ ಅಷ್ಟೇ, ಊರೆಲ್ಲ ಲೈಟು ಕಟ್ತಿದ್ರು, ಚಿಕ್ಕ ಗಡಿಯಾರದ ಹತ್ರ ಏಣಿ ಮೇಲೆ ಒಬ್ಬ ನಿಂತಿದ್ದ, ಕೆಳಗೆ ಹತ್ತು ಜನ ಅವನಿಗೆ ಬುದ್ಧಿ ಹೇಳ್ತಿದ್ರು, ಮೈಸೂರು ಅಂದ್ರೆ ಹಂಗೇ. ಮನೇಲಿ ಅತ್ತಿಗೆ ಬಸ್ಸಾರು ಮುದ್ದೆ ಮಾಡಿದ್ರು. ಊಟ ಆಗೋವರೆಗೂ ಅವನ ಮಾತು ಯಾರೂ ಎತ್ತಲಿಲ್ಲ. ಕೈ ತೊಳ್ಕೊಂಡು ಬಂದಾಗ ಅತ್ತಿಗೆ ಒಂದು ಬಟ್ಟೆ ಅಂಗಡಿ ಕವರ್ ತಂದು ಚಾಪೆ ಮೇಲೆ ಸುರಿದ್ರು, ಇಪ್ಪತ್ತೊಂಬತ್ತು ಪಾಕೆಟ್ ಡೈರಿ.

ಇದು ನಂಗೆ ಗೊತ್ತಿತ್ತು ಆದ್ರೆ ಪೂರ್ತಿ ಗೊತ್ತಿರ್ಲಿಲ್ಲ. ದಿನಕ್ಕೊಂದು ಸಾಲು. ಎಡಗಡೆ ಕನ್ನಂಬಾಡಿ ಕಟ್ಟೆ, ಅದೇ ಕೆಆರ್‌ಎಸ್, ನೀರಿನ ಮಟ್ಟ, ಬಲಗಡೆ ಅವತ್ತು ಸೆಕ್ಷನ್ನಿಗೆ ಬಂದ ಹುಟ್ಟು ಎಷ್ಟು ಸಾವು ಎಷ್ಟು. ಅಷ್ಟೇ, ಬೇರೆ ಮಾತೇ ಇಲ್ಲ, ಮದುವೆ ದಿನವೂ ಹಂಗೇ, ಮಗಳು ಹುಟ್ಟಿದ ದಿನ ಹುಟ್ಟಿನ ಲೆಕ್ಕದ ಮೇಲೆ ಒಂದು ಸಣ್ಣ ಟಿಕ್ಕು ಅಷ್ಟೇ. ಬೆಳಿಗ್ಗೆ ಎದ್ದು ಪೇಪರಲ್ಲಿ ಮೊದ್ಲು ನೋಡ್ತಿದ್ದದ್ದು ಕಟ್ಟೆ ಮಟ್ಟ. ತುಂಬಿದ್ರೆ 124.80 ಅಡಿ, ಮಂಡ್ಯ ಕಡೆ ಮಕ್ಕಳಿಗೂ ಬಾಯಿಗೆ ಬರೋ ನಂಬರ್ ಅದು. 2023ರ ಡೈರಿ ನೋಡಿದ್ರೆ ಬೇಜಾರಾಗುತ್ತೆ, ಆ ವರ್ಷ ತುಂಬ್ಲೇ ಇಲ್ಲ, ಸೆಪ್ಟೆಂಬರಲ್ಲೇ ನಂಬರು ಇಳೀತಾ ಹೋಗುತ್ತೆ. 2025ರದ್ದು ಮಾರ್ಚ್‌ಗೇ ನಿಂತಿದೆ. ಜೆರಾಕ್ಸು ಅದನ್ನ ತೆಗೆದು ನೋಡಿ, ಏನೂ ಅನ್ನದೆ ವಾಪಸ್ ಕೆಳಗೆ ಸೇರಿಸಿಬಿಟ್ಟ.

"ಊರವ್ರ ಹೆಸ್ರೆಲ್ಲ ಬಾಯಲ್ಲೇ ಇರ್ತಿತ್ತು ಅಣ್ಣ, ಮಗಳು ಎ ಸೆಕ್ಷನ್ನಾ ಬಿ ಸೆಕ್ಷನ್ನಾ ಅಂತ ಕೇಳಿದ್ರೆ ನನ್ ಮುಖ ನೋಡೋರು" ಅಂದ್ರು ಅತ್ತಿಗೆ. ಸಿಟ್ಟಲ್ಲಿ ಅಲ್ಲ. ಸ್ವಲ್ಪ ಸಿಟ್ಟಲ್ಲೂ ಹೌದು.

ಶನಿವಾರ

ಬೆಳಿಗ್ಗೆ ನಾವಿಬ್ರೂ ಬೆಣ್ಣೆ ದೋಸೆ ತಿಂದು, ಕಾಫಿ ಕುಡಿದು, ಹತ್ತೂವರೆಗೆ ಆಸ್ಪತ್ರೆಗೆ ಹೋದ್ವಿ. ಅವನ ಟೇಬಲ್ಲಿನ ಸಾಮಾನು ಆರು ತಿಂಗಳಿಂದ ಅಲ್ಲೇ ಇತ್ತು, ಅತ್ತಿಗೆಗೆ ಹೋಗೋಕೆ ಮನಸ್ಸಿಲ್ಲ, ನೀವೇ ತಂದ್ಬಿಡಿ ಅಂದಿದ್ರು. ಗೇಟ್ ಹತ್ರ ಎಳನೀರು ಮಾರೋನು ಜೆರಾಕ್ಸು ಮುಖ ಗುರುತು ಹಿಡಿದು "ಸೂಪ್ರೆಂಟ್ ಸಾರ್ ಫ್ರೆಂಡಲ್ವಾ" ಅಂದ. ಎಳನೀರಿಗೆ ದುಡ್ಡು ತಗೊಳ್ಲಿಲ್ಲ. ಅವನ ಮಗಳ ಹೆಸರು ಬರ್ತ್ ಸರ್ಟಿಫಿಕೇಟಲ್ಲಿ ಸೇರ್ಸಿರ್ಲಿಲ್ವಂತೆ, ಹೈಸ್ಕೂಲಿಗೆ ಬಂದಾಗ ಗೊತ್ತಾಯ್ತಂತೆ, ಹದಿನೈದು ವರ್ಷದ ಒಳಗೆ ಆದ್ರೆ ಸೇರ್ಸಬೋದು ಅಂತ ನಮ್ಮ ರಿಜಿಸ್ಟ್ರೇ ಹೇಳಿ, ಅರ್ಜಿ ಬರ್ದುಕೊಟ್ಟು, ಯಾವ ಕಿಟಕೀಲಿ ಕೊಡ್ಬೇಕು ಅಂತ ಅದೇ ಕಾಗದದ ಹಿಂದೆ ನಕ್ಷೆ ಬಿಡ್ಸಿಕೊಟ್ಟಿದ್ನಂತೆ.

ಆ ಸೆಕ್ಷನ್ ಒಳಗೆ ಹೋದೋರಿಗೆ ಗೊತ್ತು, ಹಳೇ ಕಾಗದ, ಡೆಟಾಲು, ನುಸಿಗುಳಿಗೆ ಮೂರೂ ಸೇರಿದ ಒಂದು ವಾಸನೆ. ಚಾವಣಿವರೆಗೂ ರ‍್ಯಾಕು, ಕೇಸ್ ಶೀಟುಗಳ ಕಟ್ಟು, ಹಳೇವೆಲ್ಲ ಕೆಂಪು ಬಟ್ಟೆ ಬಸ್ತಾದಲ್ಲಿ. ಈಗ ಹುಟ್ಟು ಸಾವು ಎಲ್ಲ ಇ-ಜನ್ಮ ಅಂತ ಕಂಪ್ಯೂಟರಲ್ಲಿ ಹಾಕ್ತಾರೆ, ಆದ್ರೂ ಹತ್ತು ವರ್ಷದ ಹಿಂದಿನ ಆಕ್ಸಿಡೆಂಟಿಗೆ ಕೋರ್ಟಿಂದ ಕಾಗದ ಬಂದ್ರೆ ಈ ಬಸ್ತಾನೇ ಗತಿ. ಒಂದು ಸಲ ಟ್ರ್ಯಾಕ್ಟರ್ ಕೆಳಗೆ ಕಾಲು ಹೋಗಿದ್ದ ಒಬ್ಬ ರೈತನ ಎಂಎಲ್‌ಸಿ ಕಾಗದಕ್ಕೆ, ಅಂದ್ರೆ ಪೊಲೀಸು ಕೋರ್ಟಿಗೆ ಬೇಕಾದ ಗಾಯದ ದಾಖಲೆಗೆ, ಇವನು ಎರಡು ದಿನ ಆ ರ‍್ಯಾಕಿನ ಹಿಂದೆ ಟಾರ್ಚ್ ಹಿಡ್ಕೊಂಡು ಇದ್ದ, ಗೆದ್ದಲು ಮುಕ್ಕಾಲು ತಿಂದಿತ್ತು, ಗಾಯದ ವಿವರ ಡಾಕ್ಟ್ರ ಸಹಿ ಇರೋ ಹಾಳೆ ಮಾತ್ರ ಉಳಿದಿತ್ತು. ಅದನ್ನ ಎರಡು ಗಾಜಿನ ಮಧ್ಯ ಇಟ್ಕೊಂಡು ಜೆರಾಕ್ಸು ಅಂಗಡಿಗೆ ಬಂದಿದ್ದ, ಫೋಟೋ ಫ್ರೇಮಿನ ಗಾಜು, ದೇವರ ಪಟ ಬಿಚ್ಚಿ ತಂದಿದ್ದು. ಅವತ್ತು ಬೆವರು ಕಾಗದದ ಮೇಲೆ ಬೀಳಬಾರ್ದು ಅಂತ ತಲೆಗೆ ಟವೆಲ್ ಕಟ್ಕೊಂಡಿದ್ದ, ಅಂಗಡೀಲಿದ್ದೋರು ಇವನ್ಯಾರೋ ಗಾರೆ ಮೇಸ್ತ್ರಿ ಅನ್ಕೊಂಡ್ರು ಅಂತ ಜೆರಾಕ್ಸು ಈಗ್ಲೂ ಹೇಳಿ ನಗ್ತಾನೆ.

ಹೆಸರಿನ ವಿಷಯದಲ್ಲಿ ಅವನದ್ದು ಒಂದೇ ಹಠ. ಹೆತ್ತ ತಾಯಿ ಏನಂತ ಕೂಗ್ತಾಳೋ ಅದನ್ನೇ ಬರಿ. ಎಷ್ಟೋ ಗುಮಾಸ್ತರು ತಮಗೆ ತಿಳಿದ ಕನ್ನಡದಲ್ಲಿ ಜನರ ಹೆಸರು ತಿದ್ತಾರೆ, ಮಾದಪ್ಪನ್ನ ಮಹದೇವಪ್ಪ ಮಾಡ್ತಾರೆ, ಜವರಮ್ಮ ಅಂದ್ರೆ ಜಯಮ್ಮನಾ ಅಂತ ಕೇಳಿ ಅದನ್ನೇ ಬರೀತಾರೆ, ಒಳ್ಳೇದಕ್ಕೇ ಅನ್ಕೊಂಡಿರ್ತಾರೆ ಪಾಪ. ಇಪ್ಪತ್ತು ವರ್ಷ ಆದ್ಮೇಲೆ ಆಧಾರಲ್ಲಿ ಒಂದು, ಪಹಣೀಲಿ ಒಂದು, ಬ್ಯಾಂಕ್ ಬುಕ್ಕಲ್ಲಿ ಒಂದು, ಪಿಂಚಣಿ ನಿಂತೋಗುತ್ತೆ. ರಿಜಿಸ್ಟ್ರು ಮೂರು ಸಲ ಹೇಳಿಸ್ತಿದ್ದ, ಬರೆದದ್ದನ್ನ ಓದಿ ಹೇಳ್ತಿದ್ದ, ಆಮೇಲೆ "ತಾಯಿ, ಇದೇನಾ" ಅಂತ ಇನ್ನೊಂದ್ಸಲ. ಹಿಂದೆ ಕ್ಯೂ ನಿಂತೋರು ಬೈಯೋರು. ನೋಂದಣಿ ಆಗೋಕೆ ಮುಂಚೆ ತಪ್ಪು ತಿದ್ದೋದು ಒಂದು ನಿಮಿಷ, ಆದ್ಮೇಲೆ ಒಂದು ವರ್ಷದ ಅಲೆದಾಟ, ಅನ್ನೋದು ಅವನ ಲೆಕ್ಕ. ಮನೇಲಿ ಸತ್ತೋರಿದ್ರೆ ಇಪ್ಪತ್ತೊಂದು ದಿನದೊಳಗೆ ತಿಳಿಸ್ಬೇಕು ಅಂತ ಕಾನೂನು, 1969ರ ಕಾಯ್ದೆ, ಅದನ್ನ ಹಳ್ಳಿಯವ್ರಿಗೆ ಹೇಳೋಕೆ ಅವನದ್ದೇ ಒಂದು ಭಾಷೆ ಇತ್ತು: "ತಿಥಿ ಹನ್ನೊಂದಕ್ಕೆ ಮುಗೀತಲ್ಲ, ಇನ್ನು ಹತ್ತು ದಿನ ಐತೆ, ಬಾಡೂಟದ ಪಾತ್ರೆ ತೊಳ್ದಿಟ್ಟು ಸೀದಾ ಬನ್ನಿ."

ಅವನ ಕುರ್ಚೀಲಿ ಈಗ ಬೇರೆ ಯಾರೋ ಇದ್ರು, ಒಳ್ಳೇ ಮನುಷ್ಯ, ಎದ್ದು ನಿಂತು ಮಾತಾಡ್ಸಿದ್ರು. ಸಾಮಾನು ಎತ್ತಿಟ್ಟಿದ್ದದ್ದು ಮಾತ್ರ ಒಬ್ಬ ಹುಡುಗಿ, ಮೂರು ವರ್ಷದ ಸರ್ವೀಸು, ಇವನ ಕೈಕೆಳಗೆ ಕೆಲಸ ಕಲಿತೋಳು. ಬೀರುವಿಂದ ಒಂದು ರಟ್ಟಿನ ಡಬ್ಬ ತೆಗೆದು, ಅದರ ಮೇಲೆ ಒಂದು ಕಾಗದ ಇಟ್ಟು, "ಸರ್, ಓದಿ ಸೈನ್ ಮಾಡಿ" ಅಂದ್ಲು. ಕಾರ್ಬನ್ ಹಾಕಿ ಬರೆದ ಮೂರು ಪ್ರತಿ. ಸ್ಟೀಲ್ ಫ್ಲಾಸ್ಕ್ ಒಂದು, ಮುಚ್ಚಳ ಸೊಟ್ಟ. ಓದೋ ಕನ್ನಡಕ ಒಂದು. ಕುರ್ಚಿ ದಿಂಬು ಒಂದು. ರೇನ್‌ಕೋಟ್ ಒಂದು, ಪ್ಯಾಂಟ್ ಇಲ್ಲ. ರೆನಾಲ್ಡ್ಸ್ ಪೆನ್ ನಾಲ್ಕು, ಅದರಲ್ಲಿ ಬರೆಯುವಂಥವು ಎರಡು. ಹವಾಯಿ ಚಪ್ಪಲಿ ಒಂದು ಜೊತೆ. ನಿಂಬೆ ಉಪ್ಪಿನಕಾಯಿ ಬಾಟಲಿ ಒಂದು, ಅರ್ಧ. ಕೆಳಗೆ, ಮೇಲ್ಕಂಡ ವಸ್ತುಗಳನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ.

ಆ ಫಾರಂ ನಂಗೆ ಗೊತ್ತಿತ್ತು. 2021ರ ಏಪ್ರಿಲ್ ಮೇ, ಎರಡನೇ ಅಲೆ, ಅವನೇ ಕೂತು ಮಾಡಿದ್ದು ಅದು. ಆಗ ಒಳಗೆ ಹೋದೋರ ಹತ್ರ ಮನೆಯವ್ರನ್ನ ಬಿಡ್ತಿರ್ಲಿಲ್ಲ, ಎಷ್ಟೋ ಜನಕ್ಕೆ ಕೊನೆಗೆ ಸಿಕ್ಕಿದ್ದು ದೂರದಿಂದ ಒಂದು ಸುತ್ತಿದ ಹೆಣ, ಒಂದು ಪ್ಲಾಸ್ಟಿಕ್ ಕವರು. ಕವರಲ್ಲಿ ಮೊಬೈಲು, ಉಂಗುರ, ಚಾರ್ಜರು, ಹಲ್ಲಿನ ಸೆಟ್ಟು. ಕವರು ಅದಲು ಬದಲಾಗೋದು ಅವನಿಗೆ ಸಹಿಸೋಕಾಗ್ತಿರ್ಲಿಲ್ಲ. ಯಾರೂ ಅವನಿಗೆ ಹೇಳಿರ್ಲಿಲ್ಲ, ರೆಕಾರ್ಡ್ ಸೆಕ್ಷನ್ ಕೆಲಸವೂ ಅಲ್ಲ ಅದು, ತಾನೇ ಒಂದು ಟೇಬಲ್ ಹಾಕ್ಕೊಂಡು ಮೂರು ಪ್ರತಿ ಪಟ್ಟಿ ಶುರು ಮಾಡ್ದ. ಇಪ್ಪತ್ತು ದಿನ ಮನೆಗೆ ಹೋಗ್ದೆ ಯಾವುದೋ ಲಾಡ್ಜಲ್ಲಿ ಮಲಗಿದ್ದ.

ಒಂದು ದಿನ ಒಂದು ಕನ್ನಡಕ ಉಳ್ಕೊಂತು. ಒಂದು ಕಡ್ಡಿ ಮುರಿದು ತಾಮ್ರದ ತಂತಿ ಸುತ್ತಿದ್ರು, ಸೋಡಾ ಬಾಟ್ಲಿ ತಳದಂಥ ಗಾಜು. ಪಟ್ಟಿಗಳನ್ನ ಹಿಂದೆ ಮುಂದೆ ತಿರುವಿ ಅದು ನಂಜನಗೂಡು ಕಡೆ ಒಬ್ಬ ಮುದುಕರದ್ದು ಅಂತ ಪತ್ತೆ ಹಚ್ಚಿ, ಪಾಸ್ ಇಟ್ಕೊಂಡು, ಲಾಕ್‌ಡೌನ್ ರೋಡಲ್ಲಿ ಸ್ಕೂಟರಲ್ಲಿ ಅಲ್ಲೀವರೆಗೂ ಹೋಗಿದ್ದ. ಮಗ ಬಾಗಿಲಲ್ಲೇ ನಿಂತು "ಇದಕ್ಕೋಸ್ಕರ ಬಂದ್ರಾ ಸಾರ್, ಎಸೆದಿದ್ರೆ ಆಗ್ತಿತ್ತಲ್ಲ" ಅಂದ್ನಂತೆ. ಒಳಗಿಂದ ಅಜ್ಜಿ ಬಂದು ಕನ್ನಡಕ ಇಸ್ಕೊಂಡು, ಸೆರಗಲ್ಲಿ ಒರೆಸಿ, ತಾನೇ ಹಾಕ್ಕೊಂಡು ಇವನ ಮುಖ ನೋಡಿದ್ರಂತೆ. ಇಬ್ರಿಗೂ ಇದ್ದದ್ದು ಅದೊಂದೇ ಕನ್ನಡಕ. ಅವರು ಪೇಪರ್ ಓದೋವಾಗ ಅವರಿಗೆ, ಇವರು ಅಕ್ಕಿ ಆರಿಸೋವಾಗ ಇವರಿಗೆ. ಹತ್ತು ದಿನದಿಂದ ಅನ್ನದಲ್ಲಿ ಕಲ್ಲು ಸಿಗ್ತಿದೆ ಅಂತ ಮಗ ಸೊಸೆ ಮೇಲೆ ರೇಗ್ತಿದ್ನಂತೆ. ಇದನ್ನ ಅವನು ನಂಗೆ ಹೇಳಿದ್ದು ಒಂದೇ ಸಲ, ಅದೂ ಅನ್ನದ ಕಲ್ಲಿನ ಕಥೆ ಥರ ನಗಾಡ್ಕೊಂಡೇ ಶುರು ಮಾಡಿ, ಮಧ್ಯದಲ್ಲಿ ನಿಲ್ಲಿಸಿ ಕಾಫಿ ತರಕ್ಕೆ ಎದ್ದೋದ.

ನಾನು ಸೈನ್ ಮಾಡೋಕೆ ಹೋದ್ರೆ ಹುಡುಗಿ ತಡೆದ್ಲು. "ಮೊದ್ಲು ಮೇಲೆ ಹೆಸ್ರು ಓದಿ ಸರ್. ಸರಿಯಾಗಿದ್ಯಾ? ಇನಿಷಿಯಲ್ ಮುಂದೆ ತಾನೆ?" ಮೂರು ವರ್ಷ ಪಕ್ಕದಲ್ಲಿ ಕೂತೋಳು, ಅವನ ಹೆಸರು ಗೊತ್ತಿಲ್ಲದೆ ಕೇಳ್ತಿಲ್ಲ. ಓದ್ದೆ, ಜೋರಾಗೇ ಓದ್ದೆ. "ಇದೇನಾ" ಅಂದ್ಲು. ಇದೇನೇ ಅಂದೆ.

ಅವನ ಸ್ವಂತ ಕಾಗದ ಪತ್ರ ಎಲ್ಲೂ ತಡೀಲಿಲ್ಲ ಅಂತ ಅತ್ತಿಗೆ ಹೇಳಿದ್ರು. ಸೇರಿದ್ದು 2006ಕ್ಕೆ ಮುಂಚೆ ಆದ್ರಿಂದ ಹಳೇ ಪಿಂಚಣಿ, ಫ್ಯಾಮಿಲಿ ಪೆನ್ಷನ್ನಿಗೆ ಬೇಕಾದ್ದೆಲ್ಲ ಒಂದು ಫೈಲಲ್ಲಿ ಕ್ರಮವಾಗಿ ಇಟ್ಟಿದ್ದ, ಮೇಲೆ ಯಾವುದಕ್ಕೆ ಎಷ್ಟು ಜೆರಾಕ್ಸು ಬೇಕು ಅಂತಾನೂ ಬರೆದಿದ್ದ. ಕಾಗದ ಅಷ್ಟು ನೋಡ್ಕೊಂಡೋನು ಮೈ ನೋಡ್ಕೊಳ್ಲಿಲ್ಲ. ಬಿಪಿ ಇತ್ತು. ಮೂವತ್ತು ಹೆಜ್ಜೆ ನಡೆದ್ರೆ ಡಾಕ್ಟ್ರು, ಇಪ್ಪತ್ತೊಂಬತ್ತು ವರ್ಷ ಆಸ್ಪತ್ರೇಲೇ ಕೂತಿದ್ದ, ಮಾತ್ರೆ ಮಾತ್ರ ನೆನಪಾದಾಗ. ಉಪ್ಪು ಕಮ್ಮಿ ಮಾಡ್ಸಿದ್ದೆ ಅಣ್ಣ, ಉಪ್ಪಿನಕಾಯಿ ಮನೆಗೇ ತರ್ಸ್ತಿರ್ಲಿಲ್ಲ ಅಂತ ಅತ್ತಿಗೆ ರಾತ್ರಿ ಹೇಳಿದ್ದು ನೆನಪಾಗಿ, ಡಬ್ಬದಲ್ಲಿದ್ದ ಬಾಟ್ಲಿ ಏನ್ಮಾಡೋದು ಅಂತ ನಾನೂ ಜೆರಾಕ್ಸೂ ಮುಖ ಮುಖ ನೋಡ್ಕೊಂಡ್ವಿ. ಪಟ್ಟೀಲಿ ಇದೆ, ಎಸೆಯಂಗಿಲ್ಲ ಅಂದ ಜೆರಾಕ್ಸು. ತಗೊಂಡೋಗಿ ಕೊಟ್ವಿ. ಅತ್ತಿಗೆ ಬಾಟ್ಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ರು, ಆಮೇಲೆ ಫ್ರಿಜ್ಜಲ್ಲಿ ಇಟ್ರು.

ಸಂಜೆ ಸಯ್ಯಾಜಿರಾವ್ ರಸ್ತೇಲಿ ಆನೆ ತಾಲೀಮು. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರು, ದಸರಾಗೆ ಮುಂಚೆ ದಿನಾ ನಡೆಸ್ತಾರೆ, ಜಂಬೂ ಸವಾರಿ ದಿನ 750 ಕೆಜಿ ಅಂಬಾರಿ ಹೊರ್ಬೇಕಲ್ಲ. ಅಭಿಮನ್ಯು ಮುಂದೆ, ಹಿಂದೆ ಉಳಿದವು, ಬೀದೀಲಿ ಫೋನ್ ಎತ್ತಿದ ಕೈಗಳೇ ಕಾಡು ಬೆಳೆದಂಗೆ. ಪಕ್ಕದಲ್ಲಿ ಒಬ್ಬ ಕೈಯಲ್ಲಿ ಡ್ರಿಪ್ ಸೂಜಿ ಪ್ಲಾಸ್ಟರ್ ಹಾಕ್ಕೊಂಡೇ ಯಾವುದೋ ವಾರ್ಡಿಂದ ಎದ್ದು ಬಂದು ನಿಂತಿದ್ದ, ಅವನ ಹೆಂಡ್ತಿ ಬೈತಾ ಇದ್ಲು, ಬೈತಾನೇ ಆನೆ ನೋಡ್ತಾ ಇದ್ಲು.

ಆಮೇಲೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ರೌಂಡು. ಅಲ್ಲೇ ನಾನೂ ಅವನೂ ಜಗಳ ಆಡಿದ್ದು, 2017ರ ಕೊನೇಲಿ. ಅಕ್ಕನ ಮೊಮ್ಮಗನ್ನ ಶಾಲೆಗೆ ಸೇರ್ಸೋಕೆ ಎರಡು ತಿಂಗಳು ವಯಸ್ಸು ಸಾಲ್ತಿರ್ಲಿಲ್ಲ, ಅವನ ಆಸ್ಪತ್ರೇಲೇ ಹುಟ್ಟಿದ್ದು, ತಾರೀಕು ಒಂಚೂರು ಹಿಂದಕ್ಕೆ ಹಾಕ್ಸಿಕೊಡು ಅಂದೆ. ಕೇಳಬಾರದಿತ್ತು, ಕೇಳ್ದೆ. ಅವನು ನಡೆಯೋದು ನಿಲ್ಸಿ "ಹುಟ್ಟಿದ ದಿನ ಆ ಮಗೂದು ಕಣೋ. ನಿಂದೂ ಅಲ್ಲ, ನಂದೂ ಅಲ್ಲ" ಅಂದ. ನಾನು ಬಾಯಿಗೆ ಬಂದಂಗೆ ಮಾತಾಡ್ದೆ, ಇಷ್ಟು ವರ್ಷದ ಸ್ನೇಹ ಒಂದು ತಾರೀಕಿಗೆ ಆಗ್ಲಿಲ್ವಾ, ನಿನ್ನ ರಿಜಿಸ್ಟ್ರು ನಿನ್ನ ಚಿತೆ ಮೇಲೆ ಹಾಕ್ಕೋ ಅಂತೆಲ್ಲ. ಈಗ ಬರೆಯೋಕೆ ನಾಚಿಕೆ ಆಗುತ್ತೆ. ಎಂಟು ತಿಂಗಳು ಮಾತಿಲ್ಲ. 2018ರ ಜುಲೈನಲ್ಲಿ ಒಂದು ಬೆಳಿಗ್ಗೆ ಫೋನು, ಹಲೋ ಗಿಲೋ ಏನಿಲ್ಲ, "ಕಟ್ಟೆ ತುಂಬ್ತು ಕಣೋ" ಅಂದ. ಎಷ್ಟಾಯ್ತು ಅಂದೆ, ಎಷ್ಟು ಅಂತ ಗೊತ್ತಿದ್ರೂ. ನೂರಿಪ್ಪತ್ನಾಕು ಎಂಬತ್ತು ಅಂದ. ಅಷ್ಟಕ್ಕೇ ಎಲ್ಲ ಸರಿಹೋಯ್ತು.

ಭಾನುವಾರ

ಬೆಳಿಗ್ಗೆ ಆರಕ್ಕೇ ಬಾಡಿಗೆ ಕಾರಲ್ಲಿ ಹೊರಟ್ವಿ, ಅತ್ತಿಗೆ, ಮಗಳು, ಜೆರಾಕ್ಸು, ನಾನು. ಅತ್ತಿಗೆ ಕಾಲಡಿ ಒಂದು ಬುಟ್ಟಿ, ಮೇಲೆ ಟವೆಲ್ ಮುಚ್ಚಿದ್ರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನೀಲಿ ನಿಲ್ಸಿದ್ವಿ. ಕಾವೇರಿ ಇಲ್ಲಿ ಪಡುವಣಕ್ಕೆ ತಿರುಗ್ತಾಳೆ, ಅದಕ್ಕೇ ಮೈಸೂರು ಸೀಮೆಯೋರು ಬೂದಿ ಬಿಡೋದು ಇಲ್ಲೇ, 1948ರ ಫೆಬ್ರವರೀಲಿ ಗಾಂಧೀಜಿ ಚಿತಾಭಸ್ಮವನ್ನೂ ಇಲ್ಲಿ ಬಿಟ್ಟಿದ್ರು. ಮಾರ್ಚ್‌ನಲ್ಲಿ ನಾವು ಬಂದಾಗ ನೀರು ಮೊಣಕಾಲಿಗೂ ಇರ್ಲಿಲ್ಲ, ಬಂಡೆ ಮಧ್ಯ ಹುಡುಕ್ಕೊಂಡು ಹರಿಯೋ ಜಾಗಕ್ಕೆ ಹೋಗ್ಬೇಕಾಯ್ತು. ಈ ಸಲ ಮೆಟ್ಟಿಲು ಅರ್ಧ ಮುಳುಗಿತ್ತು. ಅಮಾವಾಸ್ಯೆ ಅಂತ ಜನ ಕಿಕ್ಕಿರಿದಿದ್ರು, ಪಿಂಡ ಇಡೋರು, ತಲೆ ಬೋಳಿಸ್ಕೊಳ್ಳೋರು, ಗದ್ದಲ. ಮಗಳು ಒಂದು ಮೆಟ್ಟಿಲು ಇಳಿದು ನೀರಲ್ಲಿ ಕೈ ಅದ್ದಿ ಬಂದ್ಲು, ಅಷ್ಟೇ, ಐದು ನಿಮಿಷಕ್ಕೆ ಹೊರಟ್ವಿ.

ಪಾಂಡವಪುರ ದಾಟಿದ್ಮೇಲೆ ನಾಲೆ ಪಕ್ಕದ ರಸ್ತೆ. ಗದ್ದೆ ಹಸಿರು ಕಣ್ಣಿಗೆ ಕುಕ್ಕೋ ಹಂಗೆ, ಕಬ್ಬು, ಅಲ್ಲೊಂದು ಇಲ್ಲೊಂದು ಆಲೆಮನೆ ಹೊಗೆ. ಈ ವರ್ಷ ಕಟ್ಟೆ ಜೂನಲ್ಲೇ ತುಂಬಿಬಿಡ್ತು, ಜೂನ್ 30ಕ್ಕೆ ಬಾಗಿನ ಕೊಟ್ರು, ಕಟ್ಟೆ ಕಟ್ಟಿ ತೊಂಬತ್ತು ವರ್ಷದ ಮೇಲಾಯ್ತು, ಜೂನಲ್ಲಿ ತುಂಬಿದ್ದು ಇದೇ ಮೊದಲು. ಮೂರು ತಿಂಗಳು ತಡೆದಿದ್ರೆ ನೋಡ್ತಿದ್ದ. ಕಾರಲ್ಲಿ ಇದನ್ನ ನಾನೇ ಬಾಯ್ಬಿಟ್ಟು ಹೇಳ್ದೆ, ಹೇಳಬಾರದಿತ್ತೇನೋ, ಮಗಳು ಮುಂದಿನ ಸೀಟಿಂದ ತಿರುಗಿ "ನಾನು ಬರ್ಕೊಂಡಿದೀನಿ ಅಂಕಲ್, ಫೋನಲ್ಲಿ" ಅಂದ್ಲು. ಅತ್ತಿಗೆಗೂ ಗೊತ್ತಿರ್ಲಿಲ್ಲ ಅನ್ಸುತ್ತೆ, ತಿರುಗಿ ಮಗಳನ್ನೇ ನೋಡಿದ್ರು.

ಹಳ್ಳಿ ಮನೇಲಿ ಬೆಳಿಗ್ಗೆಯಿಂದ್ಲೇ ಒಲೆ ಉರೀತಿತ್ತು. ಬಾಡು, ಕಜ್ಜಾಯ, ವಡೆ, ಎರಡು ಥರ ಪಲ್ಯ. ನಡುಮನೇಲಿ ಗೋಡೆಗೆ ಒರಗಿಸಿ ಹಿರೀಕರ ಫೋಟೋ ಸಾಲು, ಅಪ್ಪ, ಅಜ್ಜ, ಒಬ್ಬ ಚಿಕ್ಕಪ್ಪ, ಕೊನೇಲಿ ಇವನು, ಐಡಿ ಕಾರ್ಡಿಂದ ದೊಡ್ಡದು ಮಾಡ್ಸಿದ ಫೋಟೋ, ಮಾಡಿದ್ದು ಜೆರಾಕ್ಸೇ, ಅದಕ್ಕೆ ಒಂಚೂರು ಮಬ್ಬು. ಮುಂದೆ ಹೊಸ ಪಂಚೆ, ಶರ್ಟು, ಅಪ್ಪನಿಗೆ ಬೀಡಿ ಕಟ್ಟು, ಚಿಕ್ಕಪ್ಪನಿಗೆ ಒಂದು ಕ್ವಾರ್ಟರು. ಎಲೆ ಹಾಕಿ ಬಡಿಸ್ತಾ ಇದ್ರು. ಇವನು ಬೀಡಿ ಸೇದ್ತಿರ್ಲಿಲ್ಲ ಕುಡೀತಿರ್ಲಿಲ್ಲ, ಏನಿಡೋದು ಅಂತ ಅಣ್ಣನ ಮಗ ಯೋಚ್ನೆ ಮಾಡಿ, ಡಬ್ಬದಿಂದ ತಂದಿದ್ದ ರೆನಾಲ್ಡ್ಸ್ ಪೆನ್ನು, ಒಂದು ಪಾಕೆಟ್ ಡೈರಿ, ಅವತ್ತಿನ ಪೇಪರು ತಂದು ಎಲೆ ಪಕ್ಕ ಇಟ್ಟ. ನಮಗೆಲ್ಲ ಸರಿಯಾಗೇ ಕಾಣ್ತು.

ಅಜ್ಜಿ, ಅಂದ್ರೆ ಅವನ ಅವ್ವ, ಎಂಬತ್ತರ ಮೇಲೆ ವಯಸ್ಸು, ಗೋಡೆ ಹಿಡ್ಕೊಂಡು ಬಂದು ಬಗ್ಗಿ ನೋಡಿದ್ರು.

"ಯಾರ‍್ಲಾ ಇಟ್ಟೋರು ಇದ?"

"ನಾನೇ ಕಣಜ್ಜಿ. ಚಿಕ್ಕಪ್ಪಂಗೆ ಇಷ್ಟ ಅಂತ."

"ತೆಗೀಲಾ ಅತ್ಲಾಗೆ. ಅಷ್ಟ್ ವರ್ಸ ಬರ್ದು ಬರ್ದು ಸತ್ತವ್ನೆ, ಅಲ್ಲೂ ಬರ‍್ಕಂಡ್ ಕೂತ್ಕಳಾದಾ? ಉಣ್ಣಾಕ್ ಬಂದವ್ನೆ ನನ್ ಮಗ, ಉಣ್ಲಿ."

ಹುಡುಗ ಪೆನ್ನು ಡೈರಿ ಎತ್ಕೊಂಡ. ಪೇಪರ್ ಮಾತ್ರ ಅಜ್ಜಿಗೆ ಕಾಣ್ದಂಗೆ ಎಲೆ ಕೆಳಗೆ ಸರಿಸಿದ್ದನ್ನ ನಾನು ನೋಡ್ದೆ. ಅತ್ತಿಗೆ ಬುಟ್ಟಿ ಮೇಲಿನ ಟವೆಲ್ ತೆಗೆದ್ರು, ಒಳಗೆ ಆ ಉಪ್ಪಿನಕಾಯಿ ಬಾಟ್ಲಿ. ಒಂದು ಹೋಳು ತೆಗೆದು ಎಲೆ ತುದೀಲಿ ಬಡಿಸಿ, ಏನೂ ಆಗಿಲ್ಲ ಅನ್ನೋ ಥರ ಎದ್ದು ಬಂದ್ರು. ಧೂಪ ಹಾಕಿ, ಎಲ್ರೂ ಅಡ್ಡ ಬಿದ್ದು, ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದ್ವಿ, ಹಿರೀಕರು ಉಣ್ಣೋ ಹೊತ್ತಲ್ಲಿ ನೋಡಬಾರ್ದು. ಜಗಲಿ ಮೇಲೆ ಕೂತ್ವಿ. ಯಾರೂ ಮಾತಾಡ್ಲಿಲ್ಲ. ನಾಲೆ ಸದ್ದು ಕೇಳ್ತಿತ್ತು, ಒಳಗಿಂದ ಬಾಡಿನ ವಾಸನೆಗೆ ಜೆರಾಕ್ಸು ಹೊಟ್ಟೆ ಗುಡುಗಿದ್ದೂ ಕೇಳ್ತು.

ಹತ್ತು ನಿಮಿಷ ಆದ್ಮೇಲೆ ಅಜ್ಜಿ ಎರಡು ಸಲ ಕೆಮ್ಮಿ, ಬರ್ತಾ ಇದೀವಿ ಅಂತ ಒಳಗಿನೋರಿಗೆ ತಿಳಿಸೋ ಹಂಗೆ, ಬಾಗಿಲು ತಳ್ಳಿದ್ರು. ಹೊಗೆ ತುಂಬಿತ್ತು. ಸೀದಾ ಇವನ ಎಲೆ ಹತ್ರ ಹೋಗಿ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದ್ರು.

"ನೋಡವ್ವಾ, ಉಪ್ಪಿನ್ಕಾಯೇ ಮೊದ್ಲು ಮುಟ್ಟವ್ನೆ."

ನಂಗೇನೂ ವ್ಯತ್ಯಾಸ ಕಾಣ್ಲಿಲ್ಲ. ಅತ್ತಿಗೆ ಹಿಂದಿಂದ ಇಣುಕಿ ನೋಡಿ, "ಬಿಪಿ ಐತೆ ಅಂತ ಅಷ್ಟು ಬಡ್ಕೊಂಡ್ರೂ ಕೇಳಲ್ಲ ಅತ್ತೆ ಇವ್ರು" ಅಂದ್ರು, ಅಂದು, ಸೆರಗು ಸಿಕ್ಕಿಸ್ಕೊಂಡು ನಮಗೆಲ್ಲ ಎಲೆ ಹಾಕೋಕೆ ಹೋದ್ರು.